ಮೂಢನ ಪರವಾಗಿ ಒಬ್ಬ ಸನ್ಯಾಸಿ

ಕ್ರಿಸ್ತಶಕ ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಪಂಡಿತನು ಕ್ರೈಸ್ತಮತವನ್ನು ಖಂಡಿಸಿ ಒಂದು ಗ್ರಂಥವನ್ನು ರಚಿಸಿದನು. ವಿಚಾರವನ್ನು ಬದಿಗೊತ್ತಿ ನಂಬಿಕೆಯೊಂದನ್ನೇ ಬೇಡುವ ಈ ಮತವು ವಿದ್ಯಾವಂತರಿಗೆ ತಕ್ಕುದಲ್ಲವೆಂಬುದು ಅವನ ಆಕ್ಷೇಪಗಳಲ್ಲೊಂದು. ಆ ಗ್ರಂಥದ ಪ್ರತಿ ಇಂದು ಉಳಿದಿಲ್ಲ. ಆದರೂ ಅದರ ಬಹುಭಾಗವನ್ನು ನಾವು ಓದಬಲ್ಲೆವು. ಹಾಗೆ ಓದಗೊಟ್ಟವನು ಅದನ್ನು ನಿರಾಕರಿಸಹೊರಟ ಕ್ರೈಸ್ತ ಪಂಡಿತ ಒರಿಜೆನನೇ.

ಪ್ಯಾಲೆಸ್ಟೈನಿನ ಸಿಸೇರಿಯದಲ್ಲಿದ್ದ ಒರಿಜೆನನು ಸುಮಾರು 248ರಲ್ಲಿ ಬರೆದ ಎಂಟು ಸಂಪುಟಗಳ ಉತ್ತರದಲ್ಲಿ ಎದುರಾಳಿಯ ವಾಕ್ಯಗಳನ್ನು ಅನುಕ್ರಮವಾಗಿ ಎತ್ತಿಕೊಂಡು, ಒಂದೊಂದಕ್ಕೂ ಸಮಾಧಾನ ಹೇಳುತ್ತಾನೆ. ತತ್ತ್ವಶಾಸ್ತ್ರದ ಅಧ್ಯಯನಕ್ಕೆ ಬಿಡುವಿಲ್ಲದ ಜನಸಾಮಾನ್ಯರಿಗೆ ಸರಳವಾದ ನಂಬಿಕೆ ದಾರಿಯಾಗುವುದೆಂದೂ, ಬಿಡುವೂ ಬುದ್ಧಿಯೂ ಉಳ್ಳವರಿಗೆ ಪರಿಶೀಲನೆಯ ಬಾಗಿಲು ತೆರೆದೇ ಇದೆಯೆಂದೂ ಅವನ ವಾದ. ಕಡಲ ಪಯಣಕ್ಕೆ ಹೊರಡುವವನೂ, ವಿವಾಹವಾಗುವವನೂ, ಹೊಲದಲ್ಲಿ ಬೀಜ ಬಿತ್ತುವವನೂ ಫಲವನ್ನು ಕಾಣುವುದಕ್ಕೆ ಮೊದಲೇ ನಂಬಿ ನಡೆಯುವರಷ್ಟೆ. ಅಷ್ಟೇಕೆ, ದಾರ್ಶನಿಕನು ಕೂಡ ತನ್ನ ಪಂಥವನ್ನು ಆರಿಸಿಕೊಳ್ಳುವುದು ಎಲ್ಲ ಪಂಥಗಳನ್ನೂ ಒರೆಹಚ್ಚಿ ನೋಡಿಯಲ್ಲ. ಈ ಮಾತಿನಲ್ಲಿ ಜಾಣ್ಮೆಗಿಂತ ಮಿಗಿಲಾಗಿ ಮನುಷ್ಯಜೀವನದ ಅರಿವು ಇದೆಯೆಂದು ನನಗೆ ತೋರುತ್ತದೆ.

ನಂಬಿಕೆಯ ಪರವಾಗಿ ನಿಂತ ಇನ್ನೊಬ್ಬ ಕ್ರೈಸ್ತ ಲೇಖಕ, ಕಾರ್ತೇಜಿನ ತೆರ್ತುಲಿಯನನನ್ನು ವಿಚಾರವೈರಿಯೆಂದು ಉದಾಹರಿಸುವುದು ವಾಡಿಕೆ. ಅಥೆನ್ಸಿನ ವಿದ್ಯೆಯನ್ನು ಯೆರೂಸಲೇಮಿನ ಶ್ರದ್ಧೆಯಿಂದ ಅವನು ದೂರವಿಡಬಯಸಿದ್ದು ನಿಜ. ಆದರೆ ಅಸಂಬದ್ಧವೆಂಬ ಕಾರಣಕ್ಕೇ ನಂಬುವೆನೆಂದು ಅವನ ತಲೆಗೆ ಕಟ್ಟಿರುವ ಮಾತು ಆ ರೂಪದಲ್ಲಿ ಅವನದಲ್ಲ.

ನಂಬಿಕೆಗೂ ವಿಚಾರಕ್ಕೂ ಇರುವ ನಂಟನ್ನು ಚಿಂತಿಸಿದ ಈ ಪರಂಪರೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆನ್ಸೆಲ್ಮನ ಬಳಿಯಲ್ಲಿ. ಆಲ್ಪ್ಸ್ ಪರ್ವತದೊಳಗಣ ಆಓಸ್ತದಲ್ಲಿ 1033ರ ಸುಮಾರಿನಲ್ಲಿ ಹುಟ್ಟಿ, ನಾರ್ಮಂಡಿಯ ಬೆಕ್ ಮಠವನ್ನು ಸೇರಿದ ಈ ಸನ್ಯಾಸಿಯನ್ನು ಮಠದ ಸೋದರರು ಒಮ್ಮೆ ಬೇಡಿಕೊಂಡರು: ದೈವಸ್ವರೂಪವನ್ನು ಕುರಿತು ಶಾಸ್ತ್ರವಾಕ್ಯದ ಆಸರೆಯಿಲ್ಲದೆ ಯುಕ್ತಿಯೊಂದರಿಂದಲೇ ಬರೆದುಕೊಡಬೇಕೆಂದು. ಬರೆದುಕೊಟ್ಟನು, ಆದರೆ ಅನೇಕ ಯುಕ್ತಿಗಳನ್ನು ಹೆಣೆದ ಆ ಕೃತಿಯಿಂದ ತೃಪ್ತನಾಗದೆ, ಬೇರೆ ಯಾವುದರ ನೆರವನ್ನೂ ಬೇಡದ ಒಂದೇ ಯುಕ್ತಿಯನ್ನು ಅರಸತೊಡಗಿದನು. ಅವನ ಶಿಷ್ಯ ಈಡ್ಮರನು ಬರೆದಿರುವಂತೆ, ಈ ಚಿಂತೆ ಅವನ ಊಟನಿದ್ದೆಗಳನ್ನು ಕೆಡಿಸಿತು, ಪ್ರಾರ್ಥನೆಗೂ ಅಡ್ಡಬಂದಿತು. ಇದು ಸೈತಾನನ ಪ್ರಲೋಭನವಿರಬಹುದೆಂದು ಶಂಕಿಸಿ ಅದನ್ನು ದೂಡಿದಷ್ಟೂ ಅದು ಮುತ್ತಿಕೊಂಡಿತು. ಒಂದು ರಾತ್ರಿ ಜಾಗರದ ಪ್ರಾರ್ಥನೆಯ ನಡುವೆ ಯುಕ್ತಿ ಹೊಳೆಯಿತು. ಮೇಣದ ಹಲಗೆಗಳ ಮೇಲೆ ಬರೆದಿಟ್ಟರೆ ಹಲಗೆಗಳು ಕಾಣದಾದುವು. ಮತ್ತೆ ಬರೆದರೆ ಅವು ಒಡೆದು ನೆಲದ ಮೇಲೆ ಚೆಲ್ಲಿದ್ದುವು. ಚೂರುಗಳನ್ನು ಕೂಡಿಸಿ, ಚರ್ಮಪತ್ರಕ್ಕೆ ಏರಿಸಿದನು.

ಯಾವುದಕ್ಕಿಂತ ಹಿರಿದಾದುದನ್ನು ಭಾವಿಸಲಾಗದೋ ಅದೇ ದೇವರು; ದೇವರನ್ನು ಅಲ್ಲಗಳೆಯುವ ಮೂಢನಿಗೂ ಈ ಮಾತು ಅರ್ಥವಾಗುವುದರಿಂದ ಆ ವಸ್ತು ಅವನ ಬುದ್ಧಿಯಲ್ಲಿದೆ; ಬುದ್ಧಿಯಲ್ಲಿ ಮಾತ್ರವೇ ಇದ್ದರೆ, ವಾಸ್ತವದಲ್ಲಿಯೂ ಇರುವ ಇನ್ನೂ ಹಿರಿದೊಂದನ್ನು ಭಾವಿಸಬಹುದಾಗಿ ಲಕ್ಷಣವೇ ಮುರಿಯುವುದು; ಆದುದರಿಂದ ಅದು ಇದ್ದೇ ಇರಬೇಕು. ಇದೆಲ್ಲವೂ ಅವನ ಗ್ರಂಥದಲ್ಲಿ ದೇವರನ್ನೇ ಸಂಬೋಧಿಸಿ ಮಾಡಿದ ಪ್ರಾರ್ಥನೆಯ ಒಳಗೆ ಬರುತ್ತದೆ. ಅದಕ್ಕೆ ಅವನು ಮೊದಲು ಇಟ್ಟ ಹೆಸರು ಅರಿವನ್ನು ಅರಸುವ ಶ್ರದ್ಧೆ ಎಂಬುದಾಗಿತ್ತು.

ಮಾರ್ಮೂತಿಯೆ ಮಠದ ಗೌನಿಲೊ ಎಂಬ ಸನ್ಯಾಸಿಯು ಇದನ್ನು ಓದಿ, ತಾನು ಆಸ್ತಿಕನಾಗಿದ್ದೂ ಮೂಢನ ವಕಾಲತ್ತನ್ನು ವಹಿಸಿದನು. ಎಲ್ಲ ದ್ವೀಪಗಳಿಗಿಂತಲೂ ಶ್ರೇಷ್ಠವಾದ ದ್ವೀಪವೊಂದನ್ನು ನಾನು ಕಲ್ಪಿಸಿಕೊಂಡ ಮಾತ್ರಕ್ಕೆ ಅದು ಕಡಲಿನಲ್ಲಿ ಎಲ್ಲಿಯಾದರೂ ಇರಲೇಬೇಕೆ? ಈ ಯುಕ್ತಿ ಎಂದಿಗೂ ಮೀರಲಾಗದ ಹಿರಿಮೆಗೆ ಮಾತ್ರ ಸಲ್ಲುವುದೆಂದು ಆನ್ಸೆಲ್ಮನು ಉತ್ತರಿಸಿದನು. ನನ್ನ ಬುದ್ಧಿಗೆ ಗೌನಿಲೊವಿನ ಸಂದೇಹವೇ ಬಲವಾಗಿ ಕಾಣುತ್ತದೆ. ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಅಕ್ವಿನಾಸನೂ ಆನ್ಸೆಲ್ಮನ ದಾರಿಯನ್ನು ಬಿಟ್ಟು, ದೇವರ ಸ್ವರೂಪ ನಮಗೆ ಸ್ವತಃ ಸ್ಫುಟವಲ್ಲವಾಗಿ ಕಾರ್ಯದಿಂದ ಕಾರಣಕ್ಕೆ ಏರಬೇಕೆಂದನು. ಏರುವ ಮೊದಲು, ಲೋಕದಲ್ಲಿ ಕೇಡು ಇರುವುದನ್ನೇ ತನ್ನ ಪೂರ್ವಪಕ್ಷವಾಗಿ ಮುಂದಿಟ್ಟನು.

ಆನ್ಸೆಲ್ಮನ ಉತ್ತರ ಮುಗಿಯುವುದು ಗೌನಿಲೊವಿನ ಪ್ರಶಂಸೆಗೂ ಆಕ್ಷೇಪಕ್ಕೂ ಸಮಾನವಾಗಿ ಕೃತಜ್ಞತೆಯನ್ನು ಹೇಳಿ. ಮುಂದೆ ತನ್ನ ಗ್ರಂಥವನ್ನು ಪ್ರತಿಮಾಡುವವರು ಆ ಆಕ್ಷೇಪವನ್ನೂ ತನ್ನ ಸಮಾಧಾನವನ್ನೂ ಅದರ ಕೊನೆಗೆ ಸೇರಿಸಿಯೇ ಬರೆಯಬೇಕೆಂದು ಅವನು ವಿಧಿಸಿದನು. ಗೌನಿಲೊವಿನ ಹೆಸರು ನಮ್ಮವರೆಗೆ ಬಂದಿರುವುದು ಮುಖ್ಯವಾಗಿ ಆ ಕೆಲವು ಪುಟಗಳಿಂದ.