ಹೊಂಡ ತೋಡಿದರೆ ಸಾಕೇ?

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಕೃಷಿ ಹೊಂಡ ನೋಡಿ ಬೇಜಾರಾಯ್ತು. ಒಳಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಚಿಂದಿಯಾಗಿದೆ. ಮೊಣಕಾಲುದ್ದ ಹೂಳು, ಅದರಲ್ಲೊಂದು ಜಾಲಿ ಗಿಡ ಬೇರೆ! 2014-15ರಲ್ಲಿ ಶುರುವಾದ 'ಕೃಷಿ ಭಾಗ್ಯ' ಯೋಜನೆಯಲ್ಲಿ ತೋಡಿಸಿದ್ದು.

ಹಾಗಂತ ಯೋಜನೆಯೇ ದಂಡ ಅನ್ನೋರ ಜೊತೆ ನಾನಿಲ್ಲ. ಲೆಕ್ಕ ಹಾಕಿ ನೋಡಿ... 12 ಮೀಟರ್ ಚೌಕ, 3 ಮೀಟರ್ ಆಳದ ಇಳಿಜಾರು ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತೆ. ಒಂದೆಕರೆಗೆ ಒಂದಿಂಚು ನೀರು ಹಾಯಿಸೋಕೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ರಾಗಿ ತೆನೆ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟರೆ ಆ ಒಂದಿಂಚೇ ಬೆಳೆ ಉಳಿಸಬಹುದು. ಈಗಂತೂ ಮಳೆ ಒಂದೇ ದಿನ ಸುರಿದು ಆಮೇಲೆ ವಾರಗಟ್ಟಲೆ ನಾಪತ್ತೆ.

ನನ್ನ ತಕರಾರಿರೋದು ದುಡ್ಡು ಕೊಡೋ ರೀತಿ ಬಗ್ಗೆ. ತೋಡೋಕೆ, ಹಾಳೆ ಹಾಸೋಕೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ ಕೊಟ್ಟರು, ಸರಿ. ಐದು ವರ್ಷ ಆದ್ಮೇಲೆ? ಹೂಳೆತ್ತೋಕೆ ಜೆಸಿಬಿ ಇಳಿಸಿದರೆ ಹಾಳೆ ಹರಿಯುತ್ತೆ, ಆಳು ಹಚ್ಚಿದರೆ ಕೂಲಿ ದುಡ್ಡು ಕೈಯಿಂದಲೇ ಹೋಗ್ಬೇಕು.

2023-24ರ ಬಜೆಟ್ಟಿನಲ್ಲಿ ಯೋಜನೆ ಮತ್ತೆ ಬಂತು. ಈ ಸಲ ತಂತಿ ಬೇಲಿಗೂ ನೆರವಿದೆ, ಒಳ್ಳೇದೇ. ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ನಾವೆಲ್ಲ ಓದಿದೀವಲ್ಲ. ನನ್ನ ಕೇಳಿದರೆ, ಹತ್ತು ಹೊಸ ಹೊಂಡದ ಬದಲು ಎಂಟು ತೋಡಿ, ಉಳಿದ ದುಡ್ಡಲ್ಲಿ ಹಳೇವನ್ನ ರಿಪೇರಿ ಮಾಡಿಸಲಿ. ಆದರೆ ಹೂಳೆತ್ತೋದರ ಫೋಟೋ ಪೇಪರಲ್ಲಿ ಬರಲ್ಲ ನೋಡಿ :)

ದೊಡ್ಡಪ್ಪನ್ನ ಕೇಳಿದೆ, ಇದನ್ನೇನು ಮಾಡ್ತೀರ ಅಂತ. "ಪಕ್ಕದಲ್ಲೇ ಇನ್ನೊಂದಕ್ಕೆ ಅರ್ಜಿ ಹಾಕ್ತೀನಿ ಬಿಡೋ" ಅಂದ್ರು.