ಬಂದವರ ಎಣಿಕೆಯೂ ಬಂದ ದಾರಿಯೂ

ವಿದ್ಯಾಸಂಸ್ಥೆಯೊಂದು ತನ್ನ ಜಾಲತಾಣವನ್ನು ತೆರೆದಾಗ ಮೊದಲು ಏಳುವ ಪ್ರಶ್ನೆ 'ಎಷ್ಟು ಜನ ನೋಡಿದರು?' ಎಂಬುದು. ಆ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ದಪ್ಪಕ್ಷರಗಳಲ್ಲಿ ಮುದ್ರಿಸಿ ಸಂತೋಷಪಡುವ ರೂಢಿಯೂ ಉಂಟು. ಆದರೆ ಬರಿಯ ಎಣಿಕೆಯಿಂದ ಸಂಸ್ಥೆಯು ಕಲಿಯುವುದು ಅತ್ಯಲ್ಪ. ಬಂದವರು ಯಾವ ದಾರಿಯಿಂದ ಬಂದರು, ಏನನ್ನು ಅರಸಿ ಬಂದರು, ಬರಬೇಕಾದವರು ಏಕೆ ಬಾರದೆ ಹೋದರು ಎಂದು ವಿಚಾರಿಸುವುದೇ ವಿವೇಕ.

ಈ ವಿಚಾರಣೆಗೆ ಸಾಧನಗಳ ಕೊರತೆಯಿಲ್ಲ. ಗೂಗಲ್ ಸಂಸ್ಥೆಯು 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ 'ಗೂಗಲ್ ಅನಲಿಟಿಕ್ಸ್' ಎಂಬ ಸೇವೆಯನ್ನು ಉಚಿತವಾಗಿ ಒದಗಿಸಿತು. ಮಟೊಮೊ ಎಂಬ ಮುಕ್ತ ತಂತ್ರಾಂಶವನ್ನು ಸಂಸ್ಥೆಗಳು ತಮ್ಮದೇ ಸರ್ವರಿನಲ್ಲಿ ಇರಿಸಿಕೊಳ್ಳಬಹುದು. ಇವುಗಳ ಮೂಲತತ್ತ್ವ ಗಹನವಾದುದಲ್ಲ. ಒಂದು ತಾಣದ ಕೊಂಡಿಯನ್ನು ಒತ್ತಿ ಮತ್ತೊಂದು ತಾಣಕ್ಕೆ ಬಂದಾಗ, ಬ್ರೌಸರು ಹಿಂದಿನ ತಾಣದ ವಿಳಾಸವನ್ನೂ ಸಾಮಾನ್ಯವಾಗಿ ತಿಳಿಸುತ್ತದೆ. ಆ ಸೂಚನೆಗೆ 'ರೆಫರರ್' ಎಂದು ಹೆಸರು. 1996ರ ನಿಯಮಪತ್ರದಲ್ಲಿ ಈ ಇಂಗ್ಲಿಷ್ ಪದದ ಕಾಗುಣಿತವೇ ತಪ್ಪಿ, ಇಮ್ಮಡಿಸಬೇಕಾದ ಅಕ್ಷರವು ಒಂಟಿಯಾಗಿ ನಿಂತಿತು. ಆ ತಪ್ಪೇ ಇಂದಿಗೂ ಜಗತ್ತಿನಾದ್ಯಂತ ನಡೆದು ಬಂದಿದೆ. ಒಂದಕ್ಷರದ ಅಲಕ್ಷ್ಯವು ಎಷ್ಟು ಕಾಲ ಬಾಳಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಸೂಚನೆಯನ್ನು ಆಧರಿಸಿ, ಶೋಧಯಂತ್ರದಿಂದ ಬಂದವರು, ಅನ್ಯತಾಣಗಳಿಂದ ಬಂದವರು, ಸಾಮಾಜಿಕ ಮಾಧ್ಯಮಗಳಿಂದ ಬಂದವರು, 'ನೇರ'ವಾಗಿ ಬಂದವರು ಎಂದು ಸಂದರ್ಶಕರನ್ನು ವಿಂಗಡಿಸಲಾಗುತ್ತದೆ. ಇವುಗಳಲ್ಲಿ 'ನೇರ' ಎಂಬ ಮಾತನ್ನು ಎಚ್ಚರದಿಂದ ಓದಬೇಕು. ವಿಳಾಸವನ್ನು ತಾವೇ ಬೆರಳಚ್ಚಿಸಿ ಬಂದವರು ಅದರಲ್ಲಿ ಸೇರುತ್ತಾರೆ, ನಿಜ. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯರು ಕಳುಹಿಸಿದ ಕೊಂಡಿಯನ್ನು ಒತ್ತಿ ಬಂದವರೂ ಅನೇಕ ವೇಳೆ ಅದರಲ್ಲಿಯೇ ಸೇರುತ್ತಾರೆ, ಏಕೆಂದರೆ ಅಲ್ಲಿಂದ ರೆಫರರ್ ಸೂಚನೆ ಬಾರದೆ ಹೋಗಬಹುದು. ಆದುದರಿಂದ ಇಲ್ಲಿ 'ನೇರ' ಎಂದರೆ 'ದಾರಿ ತಿಳಿಯದು' ಎಂದೇ ಅರ್ಥ. ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಪರಸ್ಪರ ಹಂಚಿಕೊಂಡ ಪುಟವು, ಯಾರೂ ಕಳುಹಿಸದೆಯೇ ಓದುಗರನ್ನು ಪಡೆದಂತೆ ಲೆಕ್ಕದಲ್ಲಿ ತೋರೀತು. ಕೊಂಡಿಯನ್ನು ಕಳುಹಿಸುವಾಗ ವಿಳಾಸದ ಕೊನೆಗೆ ಚಿಕ್ಕದೊಂದು ಗುರುತನ್ನು ಸೇರಿಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಶೋಧಯಂತ್ರದಿಂದ ಬಂದವರ ವಿಷಯ ಬೇರೆ. ಅವರು ಯಾವ ಪದವನ್ನು ಹುಡುಕಿದರೆಂಬುದು ಹಿಂದೆ ತಾಣದ ಒಡೆಯರಿಗೆ ಕಾಣುತ್ತಿತ್ತು. 2011ರ ಅಕ್ಟೋಬರಿನಿಂದ ಗೂಗಲ್ ಅದನ್ನು ಮರೆಮಾಡತೊಡಗಿ, 2013ರ ಹೊತ್ತಿಗೆ ಬಹುಪಾಲು ಮುಚ್ಚಿತು. ಈಗ 'ಸರ್ಚ್ ಕನ್ಸೋಲ್' ಎಂಬ ಸೇವೆಯು ಹುಡುಕಿದ ಪದಗಳನ್ನು ಒಟ್ಟಾಗಿ ತಿಳಿಸುತ್ತದೆ. ಇಂಥ ವ್ಯಕ್ತಿ ಇಂಥದನ್ನು ಹುಡುಕಿದನೆಂದು ಹೇಳುವುದಿಲ್ಲ. ಫಲಿತಾಂಶದಲ್ಲಿ ಪುಟವು ಕಾಣಿಸಿಕೊಂಡರೂ ಜನರು ಅದನ್ನು ಒತ್ತದೆ ಮುಂದೆ ಹೋದ ಲೆಕ್ಕವೂ ಅಲ್ಲಿ ದೊರೆಯುತ್ತದೆ.

ಕನ್ನಡದ ಸಂಸ್ಥೆಗಳು ಮನಸ್ಸಿಟ್ಟು ನೋಡಬೇಕಾದುದು ಈ ಪದಪಟ್ಟಿಯನ್ನು. ವಿದ್ಯಾರ್ಥಿಯು 'ಹಳೆಯ ಪ್ರಶ್ನೆಪತ್ರಿಕೆ' ಎಂದು ಹುಡುಕುವಾಗ ಪುಟದ ಶೀರ್ಷಿಕೆ 'ಪೂರ್ವಪರೀಕ್ಷಾ ಪ್ರಶ್ನಸಂಚಯ' ಎಂದಿದ್ದರೆ ಇಬ್ಬರೂ ಸಂಧಿಸುವುದು ಕಷ್ಟ. ಪ್ರೌಢಿಮೆಗೆ ಅದರದೇ ಸ್ಥಾನವಿದೆ. ಬಾಗಿಲ ಮೇಲಿನ ಹಲಗೆ ಅದಕ್ಕೆ ಸ್ಥಾನವಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುವವರೂ ಹಲವರಿದ್ದಾರೆ, ಅವರನ್ನೂ ಮರೆಯುವಂತಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಸ್ಮರಣಸಂಚಿಕೆಗಳ ಪುಟಗಳನ್ನು ಬರಿಯ ಚಿತ್ರಗಳಾಗಿ ಏರಿಸಿದರೆ ಅವೂ ಶೋಧಕ್ಕೆ ಸುಲಭವಾಗಿ ನಿಲುಕವು. ಅಂಥ ಪುಟಗಳಿಗೆ ಓದುಗರಿಲ್ಲವೆಂದು ಅಂಕಿಅಂಶ ತೋರಿಸಿದಾಗ, ಕನ್ನಡ ಓದುವವರೇ ಇಲ್ಲವೆಂದು ನಿಟ್ಟುಸಿರುಬಿಡುವುದು ಅನ್ಯಾಯ. ದಾರಿಯನ್ನೇ ಕಡಿಯದೆ ಅತಿಥಿಗಳು ಬರಲಿಲ್ಲವೆಂದು ದೂರಿದಂತಾಯಿತು. ಅನಲಿಟಿಕ್ಸ್ ಬಂದವರನ್ನು ಮಾತ್ರ ಎಣಿಸಬಲ್ಲದು. ಬಾರದವರ ಕಾರಣವನ್ನು ಮನುಷ್ಯರೇ ಊಹಿಸಿ ಪರೀಕ್ಷಿಸಬೇಕು.

ದಾರಿಯನ್ನು ವಿಚಾರಿಸುವ ನೆಪದಲ್ಲಿ ದಾರಿಹೋಕರ ಬೆನ್ನುಹತ್ತುವುದು ಮಾತ್ರ ಸಲ್ಲದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಕೆಲವು ವಿನಾಯಿತಿಗಳ ಹೊರತು, ಅವರ ಜಾಡು ಹಿಡಿಯುವುದನ್ನೂ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ನಿಷೇಧಿಸುತ್ತದೆ. ಶಾಲೆಯ ತಾಣಕ್ಕೆ ಬರುವವರಲ್ಲಿ ಮಕ್ಕಳೇ ಬಹಳ. ಕಾನೂನು ವಿನಾಯಿತಿ ಕೊಟ್ಟೆಡೆಯಲ್ಲಿಯೂ ಗುರುಸ್ಥಾನದ ಸಂಯಮ ಸಡಿಲವಾಗಬಾರದು. ಸಮೂಹದ ಲೆಕ್ಕ ಸಾಕು. ವ್ಯಕ್ತಿಯ ಜಾಡು ಬೇಡ.

ಎಣಿಕೆ ವ್ಯಾಪಾರದ ಕಸುಬು, ವಿದ್ಯೆಗೆ ಅದರ ಗೊಡವೆಯೇಕೆ ಎಂದು ಕೇಳುವವರುಂಟು. ಸಂಖ್ಯೆಯನ್ನು ಕೀರ್ತಿಗಾಗಿ ಬಳಸಿದರೆ ಆ ಆಕ್ಷೇಪ ನ್ಯಾಯವೇ. ಆದರೆ ತರಗತಿಯಲ್ಲಿ ಯಾವ ಮಗುವಿಗೆ ಪಾಠ ತಲುಪಲಿಲ್ಲವೆಂದು ತಿಳಿಯಲು ಹಾಜರಿ ಪುಸ್ತಕವನ್ನು ನೋಡುವ ಉಪಾಧ್ಯಾಯನನ್ನು ಯಾರೂ ವ್ಯಾಪಾರಿಯೆನ್ನರು. ತಿಂಗಳಿಗೊಮ್ಮೆ ಒಬ್ಬ ಅಧ್ಯಾಪಕರು ಪದಪಟ್ಟಿಯನ್ನು ಓದಿ, ಎರಡು ಶೀರ್ಷಿಕೆಗಳನ್ನು ತಿದ್ದಿ, ಒಂದು ಹಳೆಯ ಲೇಖನವನ್ನು ಯೂನಿಕೋಡಿಗೆ ತಂದರೆ, ದಾನಿಗಳು ಜಾಲತಾಣಕ್ಕೆ ಕೊಟ್ಟ ಹಣ ಸಾರ್ಥಕವಾದೀತು. ದೂರದೂರಿನಲ್ಲಿ ಕನ್ನಡದ ಒಂದು ಪದವನ್ನು ಹಿಡಿದು ಹುಡುಕುತ್ತಿರುವ ಮಗುವಿಗೆ ಬಾಗಿಲು ತೆರೆದೀತು.