ಕವಳಾ ಗುಹೆಯ ಕಾಣದ ನಿವಾಸಿಗಳು

ಶಿವರಾತ್ರಿ ಹತ್ತಿರ ಬಂತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಜನಕ್ಕೆ ಕವಳಾ ಗುಹೆ ನೆನಪಾಗುತ್ತದೆ. ಮುಂಡಗೋಡದ ಬಯಲುಸೀಮೆಯಿಂದ ಬಂದವರಿಗಂತೂ ಅಲ್ಲಿಗೆ ಹೋಗುವ ಕಾಡುದಾರಿಯೇ ಒಂದು ಬೆರಗು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿರುವ ಈ ಗುಹೆಗೆ ನೂರಾರು ಮೆಟ್ಟಿಲು ಇಳಿಯಬೇಕು. ಒಳಗೆ ಬೆನ್ನು ಬಗ್ಗಿಸದೆ ಸಾಗುವಂತಿಲ್ಲ. ಬ್ಯಾಟರಿ ಬೆಳಕಿನಲ್ಲಿ ಸುಣ್ಣಕಲ್ಲಿನ ಲಿಂಗ ಕಾಣುತ್ತದೆ, ಮೇಲಿನಿಂದ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತದೆ.

ಈ ಲಿಂಗವನ್ನು ಯಾವ ಶಿಲ್ಪಿಯೂ ಕಡೆದದ್ದಲ್ಲ. ಮಳೆನೀರು ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಕಾರ್ಬನ್ ಡೈ ಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಹುಳಿ ನೀರಿಗೆ ಸುಣ್ಣಕಲ್ಲು ಕರಗುತ್ತದೆ. ಆ ನೀರು ಗುಹೆಯ ಚಾವಣಿಗೆ ಬಂದಾಗ ಅನಿಲ ಹೊರಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿ ಸುಣ್ಣದ ತಿಳಿಗೆ ಉಸಿರು ಊದಿ ಹಾಲಿನಂತೆ ಬಿಳಿಯಾಗಿಸುವ ಪ್ರಯೋಗದಲ್ಲಿ ಹುಟ್ಟುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಗುಹೆಗೆ ಅವಸರವಿಲ್ಲ. ಇಂಥ ಕಲ್ಲು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಬೆಳೆಯಿತೆಂದುಕೊಂಡರೆ ಒಂದು ಅಡಿಗೆ ಮೂರು ಸಾವಿರ ವರ್ಷ ಬೇಕು.

ಇದರಲ್ಲಿ ರಸಾಯನಶಾಸ್ತ್ರದ ಕೈವಾಡ ಮಾತ್ರವಿದೆ ಎಂದು ಬಹುಕಾಲ ತಿಳಿಯಲಾಗಿತ್ತು. ಬ್ಯಾಕ್ಟೀರಿಯಾಗಳೂ ಸುಣ್ಣವನ್ನು ಹರಳುಗಟ್ಟಿಸಬಲ್ಲವು. ಡೆಹ್ರಾಡೂನ್ ಬಳಿಯ ಸಹಸ್ರಧಾರಾ ಗುಹೆಗಳ ಸೂಕ್ಷ್ಮಜೀವಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅವು ಕ್ಯಾಲ್ಸೈಟ್ ಹರಳು ಕಟ್ಟುವುದನ್ನು 2006ರಲ್ಲಿ ವರದಿ ಮಾಡಲಾಯಿತು. ಇದೇ ಬಗೆಯ ಕಸುಬನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಬಳಸಿಕೊಂಡವು. ಚಂದ್ರನ ಮಣ್ಣನ್ನು ಹೋಲುವ ಪುಡಿ, ಯೂರಿಯಾ, ಚವಳಿಕಾಯಿ ಬೀಜದ ಅಂಟು ಮತ್ತು ಒಂದು ಬ್ಯಾಕ್ಟೀರಿಯಾ ಸೇರಿಸಿ ಇಟ್ಟಿಗೆ ಮಾಡಿದ್ದನ್ನು 2020ರಲ್ಲಿ ಪ್ರಕಟಿಸಿದವು. ಚವಳಿಕಾಯಿ ಪಲ್ಯ ಮುಟ್ಟದ ಮಕ್ಕಳಿಗೆ ಈ ಸುದ್ದಿ ಹೇಳಬಹುದು!

ಗುಹೆಯ ಒಳಗೆ ಬಿಸಿಲಿಲ್ಲ, ಆದ್ದರಿಂದ ಹಸಿರು ಗಿಡವಿಲ್ಲ. ಗಿಡವಿಲ್ಲದ ಕಡೆ ಅನ್ನ ಎಲ್ಲಿಂದ? ತೊಟ್ಟಿಕ್ಕುವ ನೀರು ತರುವ ಕೊಳೆತ ಎಲೆಯ ಸಾರ, ಸತ್ತ ಕೀಟ, ಮತ್ತು ಬಾವಲಿಗಳ ಹಿಕ್ಕೆ. ಜೋಯಿಡಾದಿಂದ ಉತ್ತರಕ್ಕೆ, ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. 1913ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ರಾಟನ್ ಬಾವಲಿಯ ನೆಲೆ ಇಡೀ ಜಗತ್ತಿನಲ್ಲಿ ಅದೊಂದೇ ಎಂದು ದಶಕಗಳ ಕಾಲ ನಂಬಲಾಗಿತ್ತು. ಬಾವಲಿ ಹೊರಗೆ ಹೋಗಿ ಕೀಟ ತಿಂದು ಬರುತ್ತದೆ, ಗುಹೆಯ ನೆಲ ಉಣ್ಣುತ್ತದೆ. ಹಿಕ್ಕೆಯ ಸಾರಜನಕವನ್ನು ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡಿದರೆ, ಬೇರೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ.

ಹಿಕ್ಕೆ ಬೀಳದ ಗೋಡೆಗಳ ಮೇಲೆ ಮಾತ್ರ ನಿಜವಾದ ಬರಗಾಲ. ಹಾಗಿದ್ದೂ ಅನೇಕ ಗುಹೆಗಳ ಗೋಡೆಗೆ ಬೆಳಕು ಬಿಟ್ಟರೆ ಬೆಳ್ಳಿ ಬಂಗಾರದಂತೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಲೋಹವಲ್ಲ, ಬ್ಯಾಕ್ಟೀರಿಯಾಗಳ ಗುಂಪುಗಳು. ಮೇಲೆ ಕುಳಿತ ನೀರಿನ ಸಣ್ಣ ಹನಿಗಳು ಹೊಳೆಯುತ್ತವೆ. ಇವುಗಳಲ್ಲಿ ಆಕ್ಟಿನೊಮೈಸೀಟ್ ಎಂಬ ಬಳಗದವು ಹೆಚ್ಚು. ಅವುಗಳ ಪರಿಚಯ ಎಲ್ಲರ ಮೂಗಿಗೂ ಇದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವುದು ಮುಖ್ಯವಾಗಿ ಇವೇ.

ಅನ್ನ ಕಡಿಮೆ ಇರುವಲ್ಲಿ ಜಗಳ ಹೆಚ್ಚು. ಹಲ್ಲು ಉಗುರು ಇಲ್ಲದ ಈ ಜೀವಿಗಳು ರಾಸಾಯನಿಕಗಳಿಂದ ಕಾದಾಡುತ್ತವೆ. ಆ ಅಸ್ತ್ರಗಳನ್ನೇ ಮನುಷ್ಯ ಎರವಲು ಪಡೆದು ಆ್ಯಂಟಿಬಯಾಟಿಕ್ ಎಂದು ಕರೆದ. ಅಮೆರಿಕದಲ್ಲಿ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಜ್ 1943ರಲ್ಲಿ ಕಂಡ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಿಗಳ ಪ್ರಾಣ ಉಳಿಸಿತು. ನಮ್ಮವರೂ ಹಿಂದುಳಿಯಲಿಲ್ಲ. ಮೈಸೂರು ಸೀಮೆಯ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಪುಣೆ ಬಳಿಯ ಪಿಂಪ್ರಿಯಲ್ಲಿದ್ದುಕೊಂಡು 1961ರಲ್ಲಿ ಇದೇ ಬಳಗದ ಜೀವಿಯಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ತೆಗೆದರು. ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಎಂಬ ಕಾರ್ಖಾನೆಯ ಹೆಸರೇ ಔಷಧದ ಹೆಸರಿನಲ್ಲಿ ಅಡಗಿದೆ.

ಮಣ್ಣಿನಲ್ಲಿ ಹುಡುಕಿದವರಿಗೆ ಕಂಡದ್ದೇ ಮತ್ತೆ ಮತ್ತೆ ಸಿಗತೊಡಗಿದಾಗ ವಿಜ್ಞಾನಿಗಳ ಕಣ್ಣು ಗುಹೆಗಳ ಕಡೆ ತಿರುಗಿತು. ಇಟಲಿಯ ಒಂದು ಪುರಾತನ ಗುಹೆಯ ಸ್ಟ್ರೆಪ್ಟೊಮೈಸೀಸ್‌ನಿಂದ ಸರ್ವಿಮೈಸಿನ್ ದೊರೆಯಿತು. ಆಸ್ಪತ್ರೆಗಳಲ್ಲಿ ಹೆಸರುವಾಸಿ ಔಷಧಗಳಿಗೂ ಬಗ್ಗದ ಸ್ಟೆಫಿಲೊಕಾಕಸನ್ನು ಪ್ರಯೋಗಾಲಯದಲ್ಲಿ ಅದು ತಡೆಯಿತು. ಆದರೆ ಗಾಜಿನ ತಟ್ಟೆಯಲ್ಲಿ ಗೆದ್ದದ್ದು ರೋಗಿಯ ದೇಹದಲ್ಲೂ ಗೆಲ್ಲಬೇಕು, ಮೂತ್ರಪಿಂಡ ಯಕೃತ್ತುಗಳಿಗೆ ಕೇಡು ಮಾಡಬಾರದು. ಸರ್ವಿಮೈಸಿನ್ ಇನ್ನೂ ಔಷಧದಂಗಡಿ ತಲುಪಿಲ್ಲ.

ಗುಹೆಗಳು ಕಲಿಸಿದ ಇನ್ನೊಂದು ಪಾಠ ಅಷ್ಟು ಸಿಹಿಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಲೆಚುಗಿಯಾ ಗುಹೆಯ ಒಂದು ಭಾಗ ಸುಮಾರು 40 ಲಕ್ಷ ವರ್ಷ ಹೊರಜಗತ್ತಿನ ಸಂಪರ್ಕವಿಲ್ಲದೆ ಇತ್ತು. ಅಲ್ಲಿಂದ ತಂದ 93 ಬಗೆಯ ಬ್ಯಾಕ್ಟೀರಿಯಾಗಳ ಪರೀಕ್ಷೆಯ ಫಲ 2012ರಲ್ಲಿ ಪ್ರಕಟವಾಯಿತು. ವೈದ್ಯರನ್ನೂ ಗುಳಿಗೆಯನ್ನೂ ಕಾಣದ ಅವುಗಳಲ್ಲಿ ಕೆಲವು 14 ಆ್ಯಂಟಿಬಯಾಟಿಕ್‌ಗಳನ್ನು ತಡೆದುಕೊಂಡವು! 2016ರಲ್ಲಿ ಅಲ್ಲಿಯದೇ ಒಂದು ತಳಿಗೆ 40 ಔಷಧಗಳನ್ನು ಒಡ್ಡಿದಾಗ 26 ಸೋತವು. ಅಸ್ತ್ರ ಹುಟ್ಟಿದಲ್ಲೇ ಗುರಾಣಿಯೂ ಹುಟ್ಟಿರುತ್ತದೆ. ಈ ಗುರಾಣಿಯ ಜೀನ್‌ಗಳನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸಬಲ್ಲವು. ಔಷಧ ಬಿದ್ದಷ್ಟೂ ಗುರಾಣಿ ಇಲ್ಲದವು ಸತ್ತು, ಇದ್ದವು ಉಳಿದು ಬೆಳೆಯುತ್ತವೆ. ಮಗುವಿನ ಜ್ವರ ಇಳಿದ ಮೇಲೆ ಉಳಿದ ಗುಳಿಗೆಗಳನ್ನು ಕಪಾಟಿನಲ್ಲಿಟ್ಟು, ಮುಂದಿನ ನೆಗಡಿಗೆ ತಾಯಂದಿರು ಎತ್ತಿ ಕೊಡುವುದುಂಟು. ನೆಗಡಿ ವೈರಸ್ಸಿನದು, ಆ್ಯಂಟಿಬಯಾಟಿಕ್ಕಿಗೆ ಅದು ಕ್ಯಾರೇ ಅನ್ನುವುದಿಲ್ಲ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಗುರಾಣಿ ಹಿಡಿಯುವ ತಾಲೀಮು ಸಿಗುತ್ತದೆ. ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಗುಹೆಯೂ ಬಹಳ ನಾಜೂಕು. ಫ್ರಾನ್ಸಿನ ಲಾಸ್ಕೊ ಗುಹೆಯ ಪ್ರಾಚೀನ ಚಿತ್ರಗಳ ಮೇಲೆ ಪ್ರವಾಸಿಗರ ಉಸಿರು, ದೀಪಗಳ ಬೆಳಕಿನಿಂದ ಪಾಚಿ ಹಬ್ಬಿ 1963ರಲ್ಲಿ ಅದನ್ನು ಮುಚ್ಚಬೇಕಾಯಿತು. ಬರಗಾಲಕ್ಕೆ ಒಗ್ಗಿದ ಜೀವಿಗಳ ನಡುವೆ ಬಾಳೆಹಣ್ಣಿನ ಸಿಪ್ಪೆಯೊಂದು ಬಿದ್ದರೂ ಹೊರಗಿನ ಹೊಟ್ಟೆಬಾಕ ಸೂಕ್ಷ್ಮಜೀವಿಗಳಿಗೆ ಹಬ್ಬ.

ಇನ್ನು ಒಡೆತನದ ಮಾತು. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದಿಂದ ಮಣ್ಣು ತಂದಿತು. ಅದರ ಬ್ಯಾಕ್ಟೀರಿಯಾ ಕೊಟ್ಟ ರಾಪಾಮೈಸಿನ್ ಇಂದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವ ಔಷಧ. ದ್ವೀಪದ ಹೆಸರು ಔಷಧಕ್ಕೆ ಬಂತು, ಲಾಭ ದ್ವೀಪಕ್ಕೆ ಬರಲಿಲ್ಲ. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇಂಥದ್ದಕ್ಕೆ ಬೇಲಿ ಹಾಕಿದೆ. ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅಲ್ಲಿಯ ಜೀವಸಂಪತ್ತಿನ ದಾಖಲಾತಿ ಪುಸ್ತಕ ಇರಬೇಕೆನ್ನುತ್ತದೆ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸು ಹೇಗೋ ಹಾಗೆ, ಆ ಕಾಯ್ದೆ ಹೇಳುವ ಜೈವಿಕ ಸಂಪನ್ಮೂಲದಲ್ಲಿ ಗುಹೆಯ ಗೋಡೆಗೆ ಅಂಟಿದ ಬಿಳಿ ಚುಕ್ಕೆಯೂ ಸೇರುತ್ತದೆ.